ಹಲಗಿಗೆ ಹಿಡೀಲಾರದ ಸುದ್ದಿ

ವಡಗಾವಿಯೊಳಗ, ಮಗ್ಗ ಮಾರಿ ಖಾಲಿಯಾದ ಶೆಡ್ಡಿನ್ಯಾಗ
ಈಗ ಬಿಯರ್ ಕುದಸ್ತಾರ.
ಬಾಗಲದಾಗ ಒಂದು ಕರೀ ಹಲಗಿ, ಮೂರು ಫೂಟು ಎರಡು ಫೂಟು.
ಶುಕ್ರವಾರಕ್ಕೊಮ್ಮೆ ಅದರ ಮ್ಯಾಲೆ ಸುದ್ದಿ ಬರಿಯಾಂವ ನಾನು.
ಉಳಿದ ದಿನ ಟೆಂಪೋದ ಹಿಂದ ಹುಲಿ, ಗುಲಾಬಿ,
ತಾಯಿಯ ಆಶೀರ್ವಾದ.
ನಾ ಕುಡಿಯಂಗಿಲ್ಲ. ಅದಕ್ಕ ನನ್ನ ಕೈಯಾಗ ಕೊಟ್ಟಾರ ಖಡು:
ಗೆರಿ ಸೊಟ್ಟ ಹೋಗಬಾರದಲ್ಲ.

ಮೊದಲನೇ ವಾರ 'ಬೀರು' ಅಂತ ಬರದಿದ್ದೆ.
ಮೈಸೂರ ಕಡಿಂದ ಬದಲಿಯಾಗಿ ಬಂದ ಬ್ಯಾಂಕಿನಾಂವ ಒಬ್ಬಾಂವ
ಒಳಗ ಬಂದು ಕೇಳಿದ,
'ಎರಡು ಬಾಗ್ಲುದು ಎಷ್ಟು? ಒಳಗಡೆ ಲಾಕರ್ ಇದ್ಯಾ?'
ಎರಡು ಗ್ಲಾಸು ಆದಮ್ಯಾಲೆ ಬಾಗಲಾ ಮರತ.
ತನ್ನ ಮನಿ ಬಾಗಲಾನೂ ಮರತ.
ಆಟೋ ಹತ್ತಿಸಿ ಕಳಿಸಿದ್ವಿ.

ಈ ವಾರದ್ದು ಮಾತ್ರ ಹಲಗಿಗೆ ಹಿಡಿಯಂಗಿಲ್ಲ.

ಮೂರನೇ ಟಾಕಿ ಮುನಿಸಿಕೊಂಡಿತ್ತು.
ವಿಜಾಪುರದ ಬಿಳಿ ಜ್ವಾಳ, ಸಂಕೇಶ್ವರದ ಬೆಲ್ಲ,
ಎಲ್ಲಾ ಹಾಕಿ, ಹೆಪ್ಪ ಕೂಡಿಸಿ ಮೂರು ದಿನ ಆದರೂ
ಗುಳ್ಳಿ ಇಲ್ಲ, ಗುಟುಕಿಲ್ಲ.
ಪುಷ್ಯದ ಥಂಡಿ. ನಳ ಮುಟ್ಟಿದ್ರ ಬಳ್ಳು ಬೈತಿದ್ವು.
ಸುಗಂಧಾ ಮುಚ್ಚಂಡಿ, ಸೂಕ್ಷ್ಮಜೀವಿ ಶಾಸ್ತ್ರದಾಗ ಪದಕ ತಗೊಂಡಾಕಿ,
ಟಾಕಿಗೆ ಕಿವಿ ಹಚ್ಚಿ ಕುಂತಿದ್ಲು
ಹೆರಿಗಿ ಕೋಲಿ ಹೊರಗ ಕುಂತ ಅಳಿಯನಂಗ.

ಸುಬೇದಾರ ಯಲ್ಲೋಜಿ ಕಣಬರಕರ, ನಿವೃತ್ತ,
ದಿನಾ ಆರೂವರಿಗೆ ಬರಾಂವ. ಒಂದ ಗ್ಲಾಸು, ಒಂದ ಹಿಡಿ ಶೇಂಗಾ,
ಏಳೂವರಿಗೆ ಅಬೌಟ್ ಟರ್ನ್.
ಅವತ್ತ ಗ್ಲಾಸು ಅರ್ಧಕ್ಕ ಬಿಟ್ಟು ಹೋಗಿ, ಮನಿಯಿಂದ ಕೌದಿ ತಂದ.
ಟಾಕಿಗೆ ಸುತ್ತಿ, ಸುತಳಿ ಬಿಗದು,
'ಲೇಹ್‌ದಾಗ ಡೀಸೆಲ್ ಟಾಕಿಗೂ ಹಿಂಗ ಹೊಚ್ಚತಿದ್ವಿ' ಅಂದ.
ಡೀಸೆಲ್ಲು ಬಿಯರು ಒಂದೇ ಏನ್ರಿ ಅಂತ ಕೇಳೂ ಧೈರ್ಯ
ಯಾರಿಗೂ ಆಗಲಿಲ್ಲ.

ರಾತ್ರಿ ಎರಡೂ ಇಪ್ಪತ್ತಕ್ಕ
ಬುಳಕ್.
ಮತ್ತ ಸುಮ್ಮನ.
ಬುಳಕ್, ಬುಳಕ್.
ಸುಬೇದಾರ ಎದ್ದು ನಿಂತು ಎಣಿಸಿದ,
ನಿಮಿಷಕ್ಕ ಆರು, ಹನ್ನೊಂದು, ಹದಿನಾರು,
ಪರೇಡಿಗೆ ತಡಾ ಮಾಡಿ ಬಂದ ಹುಡುಗೂರನ್ನ ಎಣಿಸಿದಂಗ
ಬೈಕೋತ, ನಕ್ಕೋತ.

ಮುಂಜಾನೆ ಕೌದಿ ಹುಡಿಕ್ಕೋತ ಅವನ ಮನಿಯಾಕಿ ತಾನೂಬಾಯಿ ಬಂದ್ಲು.
ಇಷ್ಟು ದಿನದಾಗ ಮೊದಲನೇ ಸಲ ಈ ಹೊಸ್ತಲಾ ದಾಟಿದ್ದು.
ಬೈಯಾಕ ತಗದ ಬಾಯಿ ವಾಸನಿ ಬಡದು ಹಂಗ ನಿಂತಿತು.
'ಇದು ಅಂಬಲಿ ಅಲ್ಲೇನ? ನಮ್ಮವ್ವ ಗಡಗ್ಯಾಗ ಹುಳಿ ಬರಸ್ತಿದ್ಲು.
ಅದಕ್ಕ್ಯಾಕ ಇಷ್ಟು ಕೊಳವಿ?'
ಸುಗಂಧಾ ಒಂದೊಂದ ಕೊಳವಿ ತೋರಿಸಿ ಹೇಳಿದ್ಲು.
ತಾನೂಬಾಯಿ ಅಷ್ಟೂ ಕೇಳಿ, ಕೌದಿ ಮ್ಯಾಲೆ ಕೈ ಇಟ್ಲು.
ಅತ್ತಿಯ ಇಳಕಲ್ ಸೀರಿ, ತನ್ನ ಮದವಿ ಸೀರಿ,
ಗಂಡನ ಸವದ ಖಾಕಿ, ಎಲ್ಲಾ ಕೂಡಿ ಹೊಲದದ್ದು.
'ಬೆಚ್ಚಗೈತಿ. ಮಲಗಲಿ ಬಿಡ್ರಿ. ಸ್ವಾಮಾರ ಒಯ್ತೀನಿ.'
ಹೋಗಾಗ ಗಂಡನ ಕಡೆ ತಿರುಗಿ,
'ನಿಮಗ ಚಾದರ ಸಾಕು.'

ಹಲಗಿ ಮ್ಯಾಲೆ ಇಷ್ಟ ಬರದೀನಿ:
ಇನ್ನ ಮೂರು ವಾರಕ್ಕ 'ಕೌದಿ'. ಜ್ವಾಳದ್ದು. ಗ್ಲಾಸಿಗೆ ನೂರಾ ಅರವತ್ತು.
ತಾನೂಬಾಯಿಯವರಿಗೆ ಪುಕ್ಕಟ.

ತಳಕ್ಕ ನಾಕು ಬಳ್ಳು ಜಾಗಾ ಉಳದಿತ್ತು. ಅದಕ್ಕ ಇದೂ ಸುದ್ದಿ:
ಕುದಿಸಿ ಸೋಸಿದ ಕಾಳು ಗವಳಿ ಗಲ್ಲಿ ಭರಮಾನ ಎಮ್ಮಿಗೆ ಹೋಗತಾವು.
ನಮ್ಮ ಟೆಂಪೋದ ಸಪ್ಪಳ ಕೇಳಿದ್ರ ಅದು ಹಗ್ಗ ಹರಕೋತೈತಿ.
ಹಾಲು ಅರ್ಧ ಲೀಟರ್ ಹೆಚ್ಚಾಗೈತಿ ಅಂತಾನ ಭರಮಾ,
ನೀರು ಎಷ್ಟು ಹೆಚ್ಚಾಗೈತಿ ಅಂತ ಹೇಳಂಗಿಲ್ಲ.
ಆ ಹಾಲಿನ ಚಾ ನಾ ದಿನಾ ಎರಡು ಹೊತ್ತು ತಗೋತೀನಿ.
ಕುಡಿಯಂಗಿಲ್ಲ ಅಂತ ಮ್ಯಾಲೆ ಹೇಳಿದ್ದೆನಲ್ಲ,
ಅದನ್ನಷ್ಟು
ತಿದ್ದಿಕೊಂಡು ಓದ್ರಿ.