ಜರಡಿಯಲ್ಲಿ ಉಳಿದದ್ದು

ಮೂಡಲು ಕೆಂಪಾಗುವ ಮೊದಲೇ ಹರಿಗೋಲು ತಿರುಗಿಸಿ
ಕೇಳಿದ ಕೆಂಡಗಣ್ಣ: "ಯಾವ ಮಣ್ಣು ಬೇಕು ಕನವ್ವ,
ಕಪಿಲೇದೊ, ಕಾವೇರೀದೊ?"
ನರಸೀಪುರದಲ್ಲಿ ಎರಡೂ ಕೂಡಿದ ಮೇಲೂ
ಅವನ ಲೆಕ್ಕಕ್ಕೆ ಅವು ಬೇರೆ,
ಒಂದೇ ಸೂರಿನ ವಾರಗಿತ್ತಿಯರು.

ಕೊಳವೆ ಇಳಿಸಿದೆ.
ಮೊದಲ ಗುರುತಿನಲ್ಲಿ ದಪ್ಪ ಮರಳು,
ಜರಡಿಯ ಮೇಲೆ ಅಕ್ಕಿನುಚ್ಚಿನಂತೆ.
ಸಾರ ಸತ್ವ ಯಾವುದೂ ತಂಗದೆ
ಬಂದದ್ದೆಲ್ಲ ಬೆಳಗಾಗುವುದರೊಳಗೆ ಹೊರಟುಹೋಗುವ ಛತ್ರ.
ಅಲ್ಲಿ ಒಂದೇ ಒಂದು ಹುಲ್ಲು:
ಬೇರು ಗೇಣುದ್ದ, ಎಲೆ ಬೆರಳುದ್ದ.

ಎರಡನೆಯದು ದಡದ ಮಡು.
ಒತ್ತುವ ಮೊದಲೇ ಕೊಳವೆ ಇಳಿದೇಬಿಟ್ಟಿತು.
ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ.
ಉಣ್ಣಲು ಬೇಕಾದಷ್ಟಿದೆ, ಉಸಿರಾಡಲಿಲ್ಲ.
ಎಳೆದರೆ ಬೇರು
ನೆನೆದ ದಾರದಂತೆ ಬೆರಳಲ್ಲೇ ಕಳಚಿತು.

ಮೂರನೆಯ ಕಡೆ ಅವನು ಹುಟ್ಟು ಎತ್ತಿಕೊಂಡ.
"ಮೆಲ್ಲಗೆ" ಅಂದ, ಮಗು ಮಲಗಿದ ಕೋಣೆಗೆ ಬಂದವನಂತೆ.
ಕೆಳಗೆ ಹಸಿರು, ಪಟ್ಟಿಪಟ್ಟಿ,
ಹೊಳೆ ಹೋಗುವ ದಿಕ್ಕಿಗೆ ತಲೆ ಬಾಚಿಕೊಂಡು.
ಅಲ್ಲಿಯ ಮಣ್ಣು ಮರಳೂ ಹೌದು ಗೋಡೂ ಹೌದು,
ಹಿಡಿದರೆ ಮುಷ್ಟಿಯ ಗುರುತು ಉಳಿಯುತ್ತದೆ,
ತಟ್ಟಿದರೆ ಉದುರುತ್ತದೆ.
ಗೋಡು ಬಂದು ಹುಲ್ಲು ಹುಟ್ಟಿತೊ
ಹುಲ್ಲು ನೀರಿನ ಕೈ ಹಿಡಿದು ನಿಲ್ಲಿಸಿ
ಹೊತ್ತ ಗೋಡನ್ನು ಇಳಿಸಿಕೊಂಡಿತೊ,
ಎರಡು ವರ್ಷದ ನನ್ನ ನೋಟ್‌ಬುಕ್ಕು
ಎರಡಕ್ಕೂ ಹೂಂ ಅನ್ನುತ್ತದೆ.
"ಮೀನು ಮೊಟ್ಟೆ ಇಕ್ಕೋದು ಇದರ ಮ್ಯಾಲೇಯ,
ಬರ್ಕಂಡ್ಯಾ?"
ಬರೆದಿರಲಿಲ್ಲ. ಬರೆದೆ.

ನಾಲ್ಕನೆಯ ಗುರುತು ಹಳೇ ನಕ್ಷೆಯಲ್ಲಿ ಮರಳ ದಿಬ್ಬ.
ಹಗ್ಗ ಬಿಟ್ಟರೆ ಎರಡಾಳು ಆಳ.
"ಲಾರಿ ಬತ್ತಿದ್ದೊ ಕನ" ಎಂದನಷ್ಟೆ,
ಬೀಡಿ ಹಚ್ಚಿದ, ಆಚೆ ನೋಡಿದ.
ತಳದಲ್ಲಿ ಬೋಳು ಬಂಡೆ.
ಕೊಳವೆ ಟಣ್ ಅಂದು ಬರಿಗೈಲಿ ಬಂತು.
ಚೀಟಿಯಲ್ಲಿ ತಾರೀಖು ಬರೆದು
ಖಾಲಿ ಚೀಲಕ್ಕೇ ದಾರ ಕಟ್ಟಿದೆ.

ರಾತ್ರಿ ಬೋಗಾದಿಯ ಬಾಡಿಗೆ ಮನೆ.
ಸ್ವಿಚ್ಚು ತಡಕುವಾಗ ಗಾರೆ ಉದುರಿದ ಕಡೆ
ಬೆರಳಿಗೆ ಸಿಕ್ಕಿತು ಉಗುರಿನಷ್ಟು ಚಿಪ್ಪು,
ಸಿಹಿನೀರಿನದು, ಒಳಗಿನ್ನೂ ಮುತ್ತಿನ ಬಣ್ಣ.
ದೀಪ ಹಾಕುವುದು ಮರೆತೆ.
ಈ ನಾಲ್ಕು ಗೋಡೆಗಳ ಮೇಲೆ
ಎಷ್ಟು ಹುಲ್ಲು ಬೇರೂರಬಹುದಿತ್ತು, ಎಷ್ಟು ಮೀನು?

ಹಾಗೆಲ್ಲ ಮಾಡಬಾರದು, ಗೊತ್ತು. ಲ್ಯಾಬಿನಲ್ಲಿ ಒಪ್ಪುವುದಿಲ್ಲ.
ಉಗುರಿನಿಂದ ಒಂದು ಚಿಟಿಕೆ ಕೆರೆದು
ನಾಲ್ಕನೆಯ ಚೀಲಕ್ಕೆ ಹಾಕಿ
ಮತ್ತೆ ದಾರ ಕಟ್ಟಿದೆ.