ಅತ್ತೆ ಸೊಸೆಯನ್ನು ಮರೆಸಿದಲ್ಲಿ

ನಕ್ಷೆಯಲ್ಲಿ ಆ ಕಲ್ಲಿಗೆ ಹೆಸರಿಲ್ಲ.
ಹದಿನಾಲ್ಕು ಮಾರು ನೀರಿನ ಕೆಳಗೆ
ಒಂದು ಅಂಗಳದಷ್ಟಗಲ ಬಂಡೆ,
ಅದರ ಸಂದಿಯಲ್ಲಿ ಗೊಬ್ರ, ತಾಂಬುಸೆ,
ಮಕ್ಕಳ ಫೀಸಿಗೆ ಸಾಲುವಷ್ಟು.

ಗುರುತು ಇಷ್ಟೇ:
ದೇವಗಡದ ದೀಪ ಕೂರ್ಮಗಡದ ಮೂಗಿಗೆ ತಾಗಬೇಕು,
ದಡದ ಪವರ್‌ಹೌಸಿನ ಎರಡು ಗೋಪುರ ಒಂದಾಗಬೇಕು.
ಕೂಲಿಂಗ್ ಟವರ್ ಎಂದು ಬೋರ್ಡಿನಲ್ಲಿತ್ತು.
ದೋಣಿಯವರಿಗೆ ಅವು ಅತ್ತೆ, ಸೊಸೆ.
ಮುಂದೆ ನಿಂತ ದಪ್ಪದವಳು ಅತ್ತೆ.
ಅತ್ತೆ ಸೊಸೆಯನ್ನು ಪೂರ್ತಿ ಮರೆಸಿದಲ್ಲಿ ಗಾಳ ಬಿಡು,
ಸೊಸೆಯ ಸೆರಗಿನಂಚು ಕಂಡರೂ
ಕೆಳಗೆ ಬರೀ ಮರಳು.

ಭಾನುವಾರ ಹತ್ತೂವರೆಗೆ ಕೆಡಹುತ್ತಾರೆಂದು
ರಿಕ್ಷಾದ ಮೈಕು ಮೂರು ದಿನ ಕೂಗಿತ್ತು.
ಊರೆಲ್ಲ ಘಟ್ಟದ ತಿರುವಿನಲ್ಲಿ, ಕೊಡೆ, ಚುರುಮುರಿ, ಮೊಬೈಲು.
ಮಾವ, ಪುರ್ಸು ತಾಂಡೇಲರು,
ಬೈತಖೋಲದಲ್ಲಿ ಇಂಜಿನ್ನಿಗೆ ಡೀಸೆಲು ಸುರಿದರು.
"ನೋಡುವುದಾದರೆ ಅಲ್ಲಿಂದ ನೋಡಬೇಕು."
ಹೆಂಗಸರು ದೋಣಿ ಹತ್ತಬಾರದೆಂಬುದು ಅವರದೇ ಕಟ್ಟಳೆ.
ಅತ್ತೆ ಕೇಳದೆಯೇ ಹತ್ತಿದರು,
ಹಿಂದೆ ನಾನು, ಮಡಿಲಲ್ಲಿ ಅವಲಕ್ಕಿಯ ಡಬ್ಬಿ.

ಚುಕ್ಕಾಣಿ ಒಂದಿಷ್ಟು ತಿರುಗಿತು.
ಸೊಸೆ ಒಂದು ಗೇಣು ಕಂಡಳು,
ನಾಲ್ಕು ಬೆರಳು,
ಒಂದು ಬಳೆಯಷ್ಟು,
ಇಲ್ಲ.

ಲಂಗರು ಬಿತ್ತು.
ಸೀಸದ ಗುಂಡಿನ ತಳಕ್ಕೆ ಸಾಬೂನು ಮೆತ್ತಿ ಇಳಿಸಿದರು,
ಅಂಟಿ ಬಂದದ್ದು ಒಡೆದ ಚಿಪ್ಪು, ಕಲ್ಲಿನ ಕರಿಪುಡಿ.
"ಸರಿ."
"ಇದರಲ್ಲೂ ಸಿಕ್ಕಿತು ಅಜ್ಜ," ಎಂದ ಉಲ್ಲಾಸ ಜಿಪಿಎಸ್ ಒತ್ತಿ.
ಮಾವ ಯಂತ್ರದ ನೆತ್ತಿ ಸವರಿ
ಬ್ಯಾಟರಿ ಎಷ್ಟಿದೆ ಎಂದು ಕೇಳಿದರು.

ಮೊದಲು ಏನೂ ಆಗಲಿಲ್ಲ.
ಅತ್ತೆ ನಿಂತೇ ಇದ್ದಳು, ಆಕಾಶಕ್ಕೆ ಬಾಯಿ ತೆರೆದು.
ಅವಳ ಎರಡೂ ಬಗಲಿನಿಂದ ಬೂದು ಧೂಳು
ಅವಸರವಿಲ್ಲದೆ ಹೊರಗೆ ಬಂತು.
ಅಷ್ಟೇ.
ಸೊಸೆ ಬಿದ್ದದ್ದನ್ನು ನಾವು ನೋಡಲಿಲ್ಲ.
ನೋಡಲಾಗದ ಜಾಗವನ್ನೇ ಹುಡುಕಿ ಬಂದು
ಲಂಗರು ಹಾಕಿ ಕೂತಿದ್ದೆವು.

ಕಾಲಡಿಯ ಹಲಗೆ ನಡುಗಿತು. ನೀರೇ ಮೊದಲು ಹೇಳಿತು.
ಮಾವ ಎಣಿಸತೊಡಗಿದರು.
ನನ್ನ ಅತ್ತೆ ನನ್ನ ಮುಂಗೈ ಹಿಡಿದು
"ಚಿಕ್ಕವಳೇ ಮೊದಲು ಹೋದಳಲ್ಲೇ" ಎಂದರು.

ನಾನು ನೋಡದ ಓರಗಿತ್ತಿ.
ಅಲ್ಲೇ, ಕಲ್ಲಿದ್ದಲಿನ ಬೆಲ್ಟಿನ ಕೆಳಗೆ
ಗುತ್ತಿಗೆಯಲ್ಲಿ ಗುಡಿಸುತ್ತಿದ್ದಳು.
ಎರಡು ಮಳೆಗಾಲ ಕರಿ ಕೆಮ್ಮು,
ಕೇಳಬಂದವರಿಗೆಲ್ಲ ಅತ್ತೆ ಬಾಗಿಲಿಗೆ ಅಡ್ಡ ನಿಂತು
"ನೆಗಡಿ" ಎಂದರಂತೆ.
ಸಂಬಳ ನಿಂತೀತೆಂದೋ, ಮಾತು ಹುಟ್ಟೀತೆಂದೋ
ನಾನು ಕೇಳಿಲ್ಲ.
ಮದುವೆಯಾಗಿ ಬಂದಾಗ
ಅವಳ ಚಪ್ಪಲಿ ನನ್ನ ಕಾಲಿಗೆ ಸರಿಹೊಂದಿತ್ತು.

ಏಳು, ಎಂಟು,
ಒಂಬತ್ತಕ್ಕೆ ಅತ್ತೆಯ ಸೊಂಟ ಮುರಿಯಿತು.
ಒದ್ದೆ ಸೀರೆ ಗಳದಿಂದ ಜಾರಿದ ಹಾಗೆ
ಒಂದು ಬದಿಗೆ ಸುತ್ತಿಕೊಂಡು
ತನ್ನೊಳಗೇ ಕೂತಳು.
ಸೊಸೆಯ ಸದ್ದು ಗಾಳಿಯಲ್ಲಿ ನಮ್ಮನ್ನು ತಲುಪುವಾಗ
ಅತ್ತೆಯೂ ಇರಲಿಲ್ಲ.
ಪಾರಿವಾಳಗಳು ಇನ್ನೂ ಸುತ್ತುತ್ತಿದ್ದವು,
ಗೋಡೆಗೆ ತಾಗದಂತೆ, ಎಚ್ಚರದಿಂದ.

ಘಟ್ಟದ ಮೇಲಿನ ಸಿಳ್ಳೆ ಕೇಳಿಸಿತೆಂದು ಉಲ್ಲಾಸ ಹೇಳುತ್ತಾನೆ.
ಅಷ್ಟು ದೂರಕ್ಕೆ ಕೇಳಿಸದು.

ಅರ್ಧ ತಾಸಿಗೆ ಧೂಳು ಕಡಲಿಗೂ ಬಂತು,
ಅವಲಕ್ಕಿಯ ಮೇಲೂ ಕೂತಿತು.
ತಿಂದೆವು.
ಅತ್ತೆ ತನಗೂ ಒಂದು ಗಾಳ ಬೇಕೆಂದರು.
ಮಾವ ಮಾತಾಡದೆ ಕೊಟ್ಟರು.

ಧೂಳು ಇಳಿದ ಮೇಲೆ ದಡದಲ್ಲಿ ಗುಡ್ಡ ಇತ್ತು.
ಅದರ ಹಿಂದೆ ಇನ್ನೊಂದು,
ಇಷ್ಟು ವರ್ಷ ಈ ಜಾಗದಿಂದ ಕಾಣದ್ದು,
ನೆತ್ತಿಯಲ್ಲಿ ಒಂದೇ ಮರ.
ಮಾವ ಕಣ್ಣು ಕಿರಿದು ಮಾಡಿ
ದೋಣಿಯ ಮೂತಿಗೂ ಮರಕ್ಕೂ ಗೆರೆ ಎಳೆದರು.
"ಅದಕ್ಕೆ ಏನಂತ ಕರೆಯುವುದು?" ಎಂದೆ.

"ಶೆವಂತಿ," ಎಂದರು ಅತ್ತೆ
ನೂಲಿನಿಂದ ಕಣ್ಣೆತ್ತದೆ.

ಯಾರೂ ಏನೂ ಅನ್ನಲಿಲ್ಲ.
ಉಲ್ಲಾಸ ಯಂತ್ರದಲ್ಲಿ ಅಕ್ಷರ ಹುಡುಕುತ್ತಿದ್ದ.
ಎಂಟೇ ಅಕ್ಷರಕ್ಕೆ ಜಾಗವಂತೆ.