ಹದಿನೆಂಟು ಮೀಟರು

ದಿದೂಬೆಯ ರೈಲು ಷೆಡ್ಡಿನ ಬೆನ್ನಿಗೆ, ತಗ್ಗಿನ ಕೋಣೆಯಲ್ಲಿ
ನನ್ನದೊಂದು ಲೇತು, ಎರಡು ಬಲ್ಬು.
ಬರುವವರೆಲ್ಲ ಬಳೆ ಕೇಳುತ್ತಾರೆ,
ಕೈಗಲ್ಲ, ಕ್ಯಾಮೆರಾದ ಕತ್ತಿಗೆ.
ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ
ಥ್ರೆಡ್ಡು ಕೂಡದು, ದೂರ ಕೂಡದು.
ನಡುವೆ ನಾನು ಕೂರಿಸುವುದು
ಅಲ್ಯೂಮಿನಿಯಮ್ಮಿನ ಒಂದು ಅಂಚು, ಅಷ್ಟೆ.
ಉಳಿದದ್ದು ಗಾಳಿ.
ಅವರು ದುಡ್ಡು ಕೊಟ್ಟು ಒಯ್ಯುವುದು
ಅಳತೆ ಮಾಡಿದ ಖಾಲಿ.

ದಾರೆಜಾನ್ ಬಂದದ್ದು ಮಾರ್ಚಿನ ಕೊನೆಗೆ.
ಉಣ್ಣೆಯ ಕಾಲುಚೀಲದೊಳಗಿಂದ ತೆಗೆದಳು
ಕೊಳವೆಯಂಥದ್ದು ಒಂದು.
ಫೋಕಸಿಗೆ ತಿರುಗಿಸುವ ಸುತ್ತಿಲ್ಲ,
ಬೆಳಕು ಕಿರಿದು ಮಾಡುವ ಎಸಳಿಲ್ಲ,
ಮೈಮೇಲೆ ೧೨೦ ಎಂಬ ಅಂಕಿ, ಸವೆದ ಮುದ್ರೆ.
'ಇದು ಕ್ಯಾಮೆರಾದ್ದಲ್ಲ,' ಎಂದೆ.
'ಗೊತ್ತು. ಪ್ರೊಜೆಕ್ಟರಿನದು.
ಅಪ್ಪನದು.'

ಚಿಯಾತುರಾದ ಗಣಿಯವರ ಕ್ಲಬ್ಬಿನಲ್ಲಿ
ಮೂವತ್ತೊಂದು ವರ್ಷ ವಾರ್ಲಾಮ್ ರೀಲು ಸುತ್ತಿದ.
ಕ್ಲಬ್ಬು ಮುಚ್ಚಿದ ಚಳಿಗಾಲ
ಕುರ್ಚಿಗಳು ಒಲೆಗೆ ಹೋದವು,
ಯಂತ್ರ ತೂಕಕ್ಕೆ ಹೋಯಿತು,
ಪರದೆಯನ್ನು ಯಾರೋ ಹಾಸಿಗೆಗೆ ಹೊಲಿದುಕೊಂಡರು.
ಇದೊಂದು ಅವನ ಕೋಟಿನ ಜೇಬಿಗೆ ಬಿತ್ತು.

ಜೀವಮಾನವೆಲ್ಲ ಬೆಳಕನ್ನು ಉಗುಳಿದ ಗಾಜು
ಇನ್ನು ಮೇಲೆ ನುಂಗಬೇಕು.
ಆಗದ್ದೇನಲ್ಲ. ಬೆಳಕಿಗೆ
ಹೋದ ದಾರಿಯಲ್ಲೇ ಬರಲು ಬರುತ್ತದೆ.

ನೂರು ಸಲ ಅಳೆ, ಒಂದು ಸಲ ಕೊಯ್ಯಿ:
ವಿಮಾನ ಕಾರ್ಖಾನೆಯಲ್ಲಿ ನನ್ನ ಉಸ್ತಾದ ಮುರ್ಮಾನ್
ಹೀಗಂದು ತಲೆಗೆ ಮೊಟಕುತ್ತಿದ್ದ.
ಅಳೆದೂ ಸುರಿದೂ ನಾಲ್ಕು ದಿನ.
ಒಳಗೋಡೆಗೆ ಕಪ್ಪು ಬಳಿದೆ, ಬೆಳಕು ಅಡ್ಡಾದಿಡ್ಡಿ ಜಾರದಂತೆ.
ಐದನೆಯ ದಿನ ಅವಳ ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿದೆ,
ಟಕ್ ಎಂದಿತು.
ಬಾಗಿಲಿಗೆ ಬಂದು
ಬೆಟ್ಟದ ಮೇಲಿನ ಟೀವಿ ಗೋಪುರಕ್ಕೆ ಹಿಡಿದೆ.

ಗೋಪುರ, ಹಾಲಲ್ಲಿ ನೆನೆದ ರೊಟ್ಟಿಚೂರು.
ಬೆಟ್ಟವೂ ಹಾಗೆಯೇ.
ಮೋಡ ಮೊದಲೇ ಮೋಡ, ಅದರ ಮಾತು ಬೇಡ.
ವರ್ನಿಯರಿನ ಬಾಯಿ ಸವೆದಿತ್ತೋ
ನನ್ನ ಕಣ್ಣು ಸವೆದಿತ್ತೋ,
ಕೊಳವೆ ಉದ್ದವಾಗಿತ್ತು:
ಮಿಲಿಮೀಟರಿನ ಹತ್ತರಲ್ಲಿ ಎಂಟು ಪಾಲು.
ಕಿವಿ ಬಿಸಿಯಾಯಿತು.
'ನಾಳೆ ಬಾ, ಸವರಿ ಕೊಡುತ್ತೇನೆ. ದುಡ್ಡು ಬೇಡ.'

ಅವಳಾಗಲೇ ಕ್ಯಾಮೆರಾ ಕಣ್ಣಿಗೊತ್ತಿ
ವಠಾರದಂಗಳದ ಕಡೆ ತಿರುಗಿ ನಿಂತಿದ್ದಳು.
ಹತ್ತಿರದ ದ್ರಾಕ್ಷಿಬಳ್ಳಿ ಮಂಜು.
ಬೆಂಚಿನ ಮೇಲೆ ಪಗಡೆಯಾಡುವ ಮುದುಕರು ಮಂಜು.
ಎದುರು ಮಹಡಿಯ ತ್ಸಿತ್ಸಿನೋ
ರಾಟೆಯ ಹಗ್ಗ ಎಳೆದೆಳೆದು ದುಪ್ಪಟಿ ಹರವುತ್ತಿದ್ದಳು,
ಬಿಳಿಯದು, ಒದ್ದೆಯದು.
ಅದರ ನೂಲು ನೂಲೂ ಎದ್ದು ನಿಂತಿತ್ತು.
ಕ್ಲಿಪ್ಪಿನ ತುಕ್ಕು.
ಮೂಲೆಯ ತೇಪೆಯ ಹೊಲಿಗೆ, ಹನ್ನೊಂದು ಎಳೆ.

ಉದ್ದದ ಟೇಪು ಕೇಳಿದಳು.
ಹೊಸ್ತಿಲಲ್ಲಿ ಈ ತುದಿ ನಾನು ಹಿಡಿದೆ,
ಆ ತುದಿ ಎಳೆದುಕೊಂಡು ಅವಳು
ದುಪ್ಪಟಿಯ ಕೆಳಗಿನವರೆಗೆ ನಡೆದಳು,
ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.
'ಹದಿನೆಂಟು,' ಅಲ್ಲಿಂದಲೇ ಕೂಗಿದಳು.
'ಅಪ್ಪನ ಕಿಂಡಿಯಿಂದ ಪರದೆಗೂ ಇಷ್ಟೇ.
ಚಿಕ್ಕವಳಿದ್ದಾಗ
ನೀವು ಹಿಡಿದಿರುವ ತುದಿ ನಾನು ಹಿಡಿಯುತ್ತಿದ್ದೆ.'

ಈ ಗಾಜು ಬೆಟ್ಟ ಕಂಡದ್ದೇ ಇಲ್ಲ.
ಅನಂತ ಎಂದು ಲೆನ್ಸುಗಳ ಮೇಲೆ ಕೆತ್ತುತ್ತಾರಲ್ಲ,
ಮಲಗಿದ ಎಂಟು,
ಅದನ್ನು ಇದರ ಮೈಮೇಲೆ ಯಾರೂ ಕೆತ್ತಿರಲಿಲ್ಲ.

'ಸವರುವುದು ಬೇಡ.'
ನಾನು ಆದರೂ ಹೇಳಿದೆ, ಇದು ಕೆಟ್ಟ ಕೆಲಸ,
ಮುರ್ಮಾನ್ ಇದ್ದಿದ್ದರೆ ಕಿಟಕಿಯಾಚೆ ಎಸೆಯುತ್ತಿದ್ದ.
ದುಡ್ಡು ಪೂರ್ತಿ ಎಣಿಸಿ ಇಟ್ಟಳು.
ಕಾಲುಚೀಲ ಮರೆತು ಹೋದಳು.

ಬಟ್ಟೆ ಒಣಗುವ ದಿನ ಈಗಲೂ
ಲೇತು ನಿಲ್ಲಿಸಿ ಬಾಗಿಲಿಗೆ ಬರುತ್ತೇನೆ.
ಕಾಣುವುದು ದುಪ್ಪಟಿ, ಇನ್ನೇನಿಲ್ಲ,
ಗಾಳಿ ಬಂದರೆ ಉಬ್ಬುತ್ತದೆ.
ಮೇಲಿಂದ ತ್ಸಿತ್ಸಿನೋ ಗದರುತ್ತಾಳೆ:
'ಏನು ನೋಡ್ತೀಯೋ,
ಒಗೆದದ್ದೇನಾದರೂ ಇದ್ದರೆ ತಾ,
ಹಗ್ಗದಲ್ಲಿ ಜಾಗ ಇದೆ.'